ಅರ್ತ್ ಪಾಯಿಂಟ್

ಬ್ರೇಕ್ ತುಳಿದರೆ ಡ್ಯಾಶಿನ ದೀಪ ಮಂಕು.
ಇಂಡಿಕೇಟರ್ ಹಾಕಿದರೆ
ಪೆಟ್ರೋಲಿನ ಮುಳ್ಳು ತಾಳ ಹಾಕುತ್ತದೆ.
ಎಡಗಿಟಕಿಯ ಸ್ವಿಚ್ಚೊತ್ತಿದರೆ
ರೇಡಿಯೊ ಕೆಮ್ಮಿ ಸುಮ್ಮನಾಗುತ್ತದೆ,
ಕಿಟಕಿ ಅರ್ಧಕ್ಕೆ ನಿಂತು
ಹೆಣ್ಣಿನ ಕಡೆಯವರ ಹಾಗೆ ಯೋಚನೆ ಮಾಡುತ್ತದೆ.

"ಎಂತ ಸಾವು ಇದು ದೂಮಪ್ಪಣ್ಣ," ಎಂದ ವಲೇರಿಯನ್ ಕ್ರಾಸ್ತಾ,
"ನಾಳೆ ನಾಲ್ಕಕ್ಕೆ ಬಿಜೈ ಇಗರ್ಜಿಯಲ್ಲಿ ಮದುಮಗಳು ಇಳಿಯಬೇಕು.
ಮೊನ್ನೆ ಉಳ್ಳಾಲ ಸಂಕದ ನಟ್ಟನಡುವೆ ನಿಂತುಬಿಟ್ಟಿತು,
ಹಿಂದೆ ತಲಪಾಡಿಯವರೆಗೆ ಹಾರ್ನು."

ತೊಂಬತ್ತೈದನೇ ಇಸವಿಯ ಬಿಳಿ ಬೆಂಜ್.
ಮೊದಲ ಧಣಿ ಗೋಡಂಬಿ ಕಾರ್ಖಾನೆಯವರು,
ಎರಡನೆಯವರು ಹಲ್ಲಿನ ಡಾಕ್ಟರು,
ಈಗ ಮದುವೆಯ ಬಾಡಿಗೆ, ಗಂಟೆಗಿಷ್ಟು, ಹೂವಿಗೆ ಬೇರೆ.
ಬಾಗಿಲು ಹಾಕಿದರೆ ಇನ್ನೂ ಆ ಶಬ್ದ ಉಂಟು:
ಅಕ್ಕಿಮುಡಿ ಚಾವಡಿಗೆ ಇಳಿಸಿದ ಹಾಗೆ.

ಜೆಪ್ಪುವಿನ ನನ್ನ ಶೆಡ್ಡಿಗೆ ಬರುವ ಮೊದಲು ಮೂರು ಕೈ ದಾಟಿತ್ತು.
ಪಡೀಲಿನವನು ಬ್ಯಾಟರಿ ಮಾರಿದ.
ಕೂಳೂರಿನವನು ಆಲ್ಟರ್ನೇಟರ್ ಬಿಚ್ಚಿ ಕಾರ್ಬನ್ ಬದಲಿಸಿದ.
ಬೈಕಂಪಾಡಿಯವನು ಲ್ಯಾಪ್‌ಟಾಪ್ ಹಿಡಿದು ಸುತ್ತು ಬಂದು
"ಇದರ ಬಾಯಿಯೇ ಬೇರೆ ನಮೂನೆ, ಎಲ್ಲಿಗೆ ಸಿಕ್ಕಿಸುವುದು" ಅಂದನಂತೆ.

ಬಾನೆಟ್ ಎತ್ತಿ ಮೊದಲು ಮೂಸಿದೆ.
ಉಮ್ಮರಬ್ಬ ಮೇಸ್ತ್ರಿ ಕಲಿಸಿದ್ದು ಅದೇ,
ಮೂಗು, ಆಮೇಲೆ ಬೆರಳು, ಆಮೇಲೆ ಮೀಟರು.
ಸುಟ್ಟ ವಾಸನೆ ಇಲ್ಲ. ವಯರುಗಳ ತೊಗಲು ಮಾತ್ರ
ಒಣಬಂಗುಡೆಯ ಹಾಗೆ ಬೆರಳಿಗೆ ಉದುರುತ್ತದೆ;
ಆ ಕಾಲದ ಬೆಂಜಿಗೆ ಅದು ಹುಟ್ಟುಗುಣ.
ಎರಡು ಕಡೆ ಹೊಸ ತೊಗಲು ಹೊದೆಸಿದೆ.
ಫ್ಯೂಸು ಒಂದೊಂದೇ ತೆಗೆದು ಬಲ್ಬಿಗೆ ಹಿಡಿದೆ.
ಒಂದಕ್ಕೆ ಹಸಿರು ಕಿಲುಬು, ತಿಕ್ಕಿದೆ. ಉಳಿದವು ಸರಿ.
ರೋಗ ಹಾಗೆಯೇ.

ರಾತ್ರಿ ಹತ್ತಾಯಿತು.
ನೌಷಾದ್ ಪುಂಡಿ ಗಸಿ ತಂದ,
ಗ್ರೀಸಿನ ಕೈಯಲ್ಲೇ ತಿಂದೆವು.

ಕರೆಂಟು ಬರುವುದನ್ನು ಎಲ್ಲರೂ ನೋಡುತ್ತಾರೆ, ಮೇಸ್ತ್ರಿ ಹೇಳುತ್ತಿದ್ದರು,
ಅದು ತಿರುಗಿ ಹೋಗುವ ದಾರಿ ಯಾರು ನೋಡುತ್ತಾರೆ?
ಹೇಗಾದರೂ ಅದಕ್ಕೆ ಮನೆ ಸೇರಲೇಬೇಕು.
ತನ್ನ ತಡಮೆ ಮುಚ್ಚಿದ್ದರೆ
ಪಕ್ಕದ ಮನೆಯ ಅಂಗಳ ಹಾದು ಹೋಗುತ್ತದೆ,
ಅಲ್ಲಿಯ ದೀಪ ಮಂಕಾಗಿಸಿ
ಅಲ್ಲಿಯ ನಾಯಿ ಬೊಗಳಿಸಿ.
ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆಗ
ಅರ್ತ್ ಬೇರೆ, ಅರ್ಥ ಬೇರೆ ಎಂದು ಗೊತ್ತಿರಲಿಲ್ಲ.
ಈಗಲೂ ಅಷ್ಟೊಂದು ಗೊತ್ತಿಲ್ಲ.

ಮೀಟರಿನ ಒಂದು ಸೂಜಿ ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಬಾಡಿಯ ತಗಡಿಗೆ.
ನೌಷಾದ್ ಹೆಡ್‌ಲೈಟ್ ಹಾಕಿದ.
ಸೊನ್ನೆಯ ಹತ್ತಿರ ಇರಬೇಕಾದಲ್ಲಿ
ಎರಡೂವರೆ ವೋಲ್ಟು.

ಎಡ ಮಡ್‌ಗಾರ್ಡಿನ ಒಳಗೆ, ಕೈ ಹೋಗದ ಮೂಲೆ.
ಹತ್ತರ ಬೋಲ್ಟು.
ಅದರಡಿ ಕಂದು ವಯರುಗಳು ಒಂದೇ ಉಂಗುರದೊಳಗೆ
ತಲೆ ತಗ್ಗಿಸಿ ನಿಂತಿವೆ.
ಬಿಚ್ಚಿದೆ.
ಉಂಗುರದ ಕೆಳಗೆ ಬಣ್ಣ.
ಬಿಳಿ. ತುಸು ಕೆನೆ ಬೆರೆತ ಬಿಳಿ.

ಇದನ್ನು ನಾನು ಬಲ್ಲೆ.
ಮೂರು ವರ್ಷದ ಹಿಂದೆ, ಮದುವೆಯ ಸೀಸನ್ನಿಗೆ ಮೊದಲು,
ಇದೇ ಶೆಡ್ಡಿನಲ್ಲಿ, ಡಬ್ಬದ ಬಿಳಿ ಸಾಲದೆ
ಒಂದು ಲೋಟ ಕೆನೆಬಣ್ಣ ಸೇರಿಸಿ ಕಲಕಿದವನು ನಾನು.
ಬೋಲ್ಟು ಕಟ್ಟುವ ಮೊದಲು ಕೆರೆಯಬೇಕಿತ್ತು.
ಅವಸರ. ಆ ದಿನವೂ
ಯಾರದೋ ಮದುಮಗಳು ಯಾವುದೋ ಮೆಟ್ಟಿಲಲ್ಲಿ ಇಳಿಯಲಿಕ್ಕಿತ್ತು.

ಟಾರ್ಚ್ ಹಿಡಿದ ನೌಷಾದ್ ಬಣ್ಣವನ್ನು ನೋಡಿದ.
ನನ್ನನ್ನು ನೋಡಲಿಲ್ಲ.
ಪಾಲಿಶ್ ಕಾಗದದಲ್ಲಿ ಉಜ್ಜಿದೆ,
ತಗಡು ಹೊಸ ಪಾವಲಿಯ ಹಾಗೆ ಹೊಳೆಯುವವರೆಗೆ,
ಅದರ ಮೇಲೂ ಸ್ವಲ್ಪ ಹೊತ್ತು.

ಬೆಳಿಗ್ಗೆ ವಲೇರಿಯನ್ ಬ್ರೇಕ್ ತುಳಿದ, ದೀಪ ಕದಲಲಿಲ್ಲ.
ಕಿಟಕಿ ಏರಿ ಮುಚ್ಚಿಕೊಂಡಿತು.
"ಎಂತ ಆಗಿತ್ತು?"
"ಉಪ್ಪುಗಾಳಿ," ಎಂದೆ.
ಕಡಲೇನು ದೂರ ಇಲ್ಲ. ಕೇಳಿಸಿಕೊಂಡಿದ್ದರೂ ಬಂದು ಹೇಳುವುದಿಲ್ಲ.
ಸಾವಿರ ಕೊಟ್ಟ. ಎಂಟುನೂರು ತಿರುಗಿ ಕೊಟ್ಟೆ.
"ಯಾಕೆ ಮಾರಾಯ್ರೆ?"
"ಪಾರ್ಟ್ ಎಂತದ್ದೂ ಹಾಕಲಿಲ್ಲವಲ್ಲ."

ಮಾರ್ಗನ್ಸ್ ಗೇಟಿನ ತಿರುವಿನಲ್ಲಿ ಇಂಡಿಕೇಟರ್ ಹಾಕಿದ.
ಮುಳ್ಳು ಕುಣಿಯಿತೋ ಇಲ್ಲವೋ
ಇಲ್ಲಿಂದ ಕಾಣುವುದಿಲ್ಲ.
ನೌಷಾದ್ ನೆಲ ಗುಡಿಸುತ್ತಿದ್ದ,
ಆ ಬಣ್ಣದ ಚಕ್ಕೆಗಳನ್ನು ಬಿಟ್ಟು.